ನೀಲಿ ತೆರೆಯ ಬೆನ್ನು ಹತ್ತಿ

ಪಾಲೊ ಆಲ್ಟೊದ ಅಡಿಸನ್ ಅವೆನ್ಯೂ ಮರಗಳ ನೆರಳಿನಲ್ಲಿ ತಣ್ಣಗಿದೆ. 367ನೇ ನಂಬರಿನ ಮನೆಯ ಹಿಂಬದಿಗೆ ಒಂದು ಪುಟ್ಟ ಗ್ಯಾರೇಜು. ಬಿಲ್ ಹ್ಯೂಲೆಟ್, ಡೇವ್ ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು 1938ರಲ್ಲಿ ಇಲ್ಲಿ ಕೆಲಸ ಶುರು ಮಾಡಿ, ಮರುವರ್ಷ ಕಂಪನಿ ಕಟ್ಟಿದರು. ಸಿಲಿಕಾನ್ ವ್ಯಾಲಿ ಹುಟ್ಟಿದ್ದು ಇಲ್ಲೇ ಎಂದು ಮುಂದಿನ ಫಲಕ ಸಾರುತ್ತದೆ. ಒಳಗೆ ಬಿಡುವುದಿಲ್ಲ, ಫುಟ್‌ಪಾತಿನಲ್ಲಿ ನಿಂತೇ ದರ್ಶನ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎದುರಿಗೊಂದು ಎಳನೀರಿನ ಗಾಡಿ, ಪಕ್ಕದಲ್ಲಿ ಚಪ್ಪಲಿ ಕಾಯುವವನು, ಎರಡೂ ಹಾಜರಿರುತ್ತಿದ್ದವು. ಇಲ್ಲಿ ಒಂದು ಅಳಿಲು ಬಿಟ್ಟರೆ ಬೇರೆ ಭಕ್ತರಿಲ್ಲ.

"ಇದನ್ನ ನೋಡಿದ್ದಾಯ್ತಲ್ಲ ಮಾವ, ಈಗ ನನ್ನ ಗ್ಯಾರೇಜು ನೋಡಿ" ಎನ್ನುತ್ತಾನೆ ಅಕ್ಕನ ಮಗ. ಅವನ ಮನೆ ಸನ್ನಿವೇಲ್‌ನಲ್ಲಿ. ಕಾರು ಬಿಸಿಲಲ್ಲಿ ನಿಂತಿದೆ, ಕಾರಿಗಾಗಿ ಕಟ್ಟಿದ ಕೋಣೆಯಲ್ಲಿ ಹಳೇ ಕಂಪ್ಯೂಟರ್ ವಿರಾಜಮಾನವಾಗಿದೆ. ಮೈಸೂರಿನಲ್ಲಿ ಇಷ್ಟು ಜಾಗ ಖಾಲಿ ಇದ್ದರೆ ಬಾಗಿಲಿಗೆ ಬಾಡಿಗೆ ಬೋರ್ಡು ಬೀಳುತ್ತಿತ್ತು. ಮಾಸಿದ ಹಾಲುಬಣ್ಣದ ಡಬ್ಬ, ಒಳಗೆ ಪೆಂಟಿಯಂ 3, ಮೇಜಿನ ಮೇಲೆ ಡುಬ್ಬದ ಮಾನಿಟರ್. ಸ್ವಿಚ್ ಒತ್ತಿದೊಡನೆ ಮಾನಿಟರ್ ಧುಮ್ ಎಂದು ಒಮ್ಮೆ ನಡುಗಿ, ಕಣ್ಣು ಬಿಟ್ಟು, ವಿಂಡೋಸ್ 98ರ ಮೋಡಗಳನ್ನು ತೋರಿಸುತ್ತದೆ. ನಾನು ಕುರ್ಚಿ ಎಳೆದುಕೊಳ್ಳುತ್ತೇನೆ.

ಮೊದಲ ದೃಶ್ಯ ಸೊಗಸಾಗಿದೆ. ತ್ರೀಡಿ ಪೈಪ್ಸ್ ಎಂಬ ಸ್ಕ್ರೀನ್‌ಸೇವರ್. ಕಪ್ಪು ತೆರೆಯಲ್ಲಿ ಬಣ್ಣಬಣ್ಣದ ಕೊಳವೆಗಳು ತಮ್ಮಷ್ಟಕ್ಕೆ ಬೆಳೆಯುತ್ತ, ತಿರುಗುತ್ತ, ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಅರ್ಧ ತೆರೆ ತುಂಬುವಷ್ಟರಲ್ಲಿ ಎಲ್ಲ ಮಾಯ. ಅಂಚಿನಿಂದ ಅಂಚಿಗೆ ನೀಲಿ, ಮಧ್ಯೆ ಬಿಳಿ ಅಕ್ಷರ: ಫೇಟಲ್ ಎಕ್ಸೆಪ್ಷನ್ 0ಇ. ಇಲ್ಲದ ಮೆಮೊರಿ ವಿಳಾಸಕ್ಕೆ ಯಾರೋ ಕೈ ಹಾಕಿದ್ದಾರೆ, ಯಾರೆಂದು ಹೇಳಲಾರೆ ಎಂಬುದು ಆ ಸಂಕೇತದ ಸಾರಾಂಶ. "ತ್ರೀಡಿ ಏನೇ ಹಾಕಿದ್ರೂ ಹಿಂಗೇ ಮಾವ. ಗ್ರಾಫಿಕ್ಸ್ ಡ್ರೈವರ್ ಕ್ರ್ಯಾಶ್ ಆಗ್ತಿದೆ." ಈ ನೀಲಿ ತೆರೆಗೆ ದೊಡ್ಡವರು ಸಣ್ಣವರೆಂಬ ಭೇದವಿಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಎದುರಿನಲ್ಲೇ, ಇನ್ನೂ ಮಾರುಕಟ್ಟೆಗೆ ಬರದ ಇದೇ ವಿಂಡೋಸ್ 98ಕ್ಕೆ ಸ್ಕ್ಯಾನರ್ ಸಿಕ್ಕಿಸಿದಾಗ ಹಿಂದಿನ ದೊಡ್ಡ ಪರದೆಯೆಲ್ಲ ಹೀಗೇ ನೀಲಿಯಾಗಿ, ಸಭೆ ಗೊಳ್ಳೆಂದು ನಕ್ಕಿತ್ತು.

ರೀಸೆಟ್ ಒತ್ತಿದ ಮೇಲೆ ಇನ್ನೊಂದು ತಮಾಷೆ. ಸ್ಕ್ಯಾನ್‌ಡಿಸ್ಕ್ ಎದ್ದು ಕೂತು, ಕಂಪ್ಯೂಟರನ್ನು ಸರಿಯಾಗಿ ಮುಚ್ಚಿರಲಿಲ್ಲ, ಇನ್ನು ಮುಂದೆ ಕ್ರಮವಾಗಿ ಮುಚ್ಚಿ ಎಂದು ನಮಗೇ ಬುದ್ಧಿ ಹೇಳುತ್ತದೆ. ಬಿದ್ದದ್ದು ತಾನು, ಬೈಗುಳ ನಮಗೆ. ತಲೆಬಾಗಿ ಕೇಳಿಸಿಕೊಂಡು, ಎಫ್8 ಕೀಲಿ ಒತ್ತಿ ಸೇಫ್ ಮೋಡ್ ಪ್ರವೇಶಿಸುತ್ತೇವೆ. ಇದೊಂದು ವಿಚಿತ್ರ ಪ್ರದೇಶ. ಬಣ್ಣಗಳು ಬರೀ 16, ಚುಕ್ಕೆಗಳು 640ಕ್ಕೆ 480, ಐಕಾನುಗಳು ದಪ್ಪ, ನಾಲ್ಕು ಮೂಲೆಯಲ್ಲೂ ಸೇಫ್ ಮೋಡ್ ಎಂಬ ಬರಹ. ಕಾರ್ಡಿನ ಸ್ವಂತ ಡ್ರೈವರನ್ನು ಹೊರಗಿಟ್ಟು, ಎಲ್ಲ ಕಾರ್ಡಿಗೂ ಅರ್ಥವಾಗುವ 1987ರ ವಿಜಿಎ ಪದ್ಧತಿಯಲ್ಲೇ ಕಂಪ್ಯೂಟರ್ ದಿನ ದೂಡುತ್ತಿದೆ. ಜ್ವರ ಬಂದವರಿಗೆ ಗಂಜಿ ಕೊಟ್ಟ ಹಾಗೆ. ಗಂಜಿಯಲ್ಲಿ ಅದು ಗಟ್ಟಿಮುಟ್ಟಾಗಿಯೇ ಇದೆ. ಎಷ್ಟು ಹೊತ್ತು ಬಿಟ್ಟರೂ ಬೀಳುವುದಿಲ್ಲ.

ಅಂದರೆ ಮೊದಲ ಗುಮಾನಿ ಡ್ರೈವರ್ ಮೇಲೆ. ಆಟ ಅಥವಾ ಸ್ಕ್ರೀನ್‌ಸೇವರ್ ತ್ರಿಕೋನ ಬಿಡಿಸು ಎಂದು ಕೇಳಿದರೆ, ಅದನ್ನು ಕಾರ್ಡಿಗೆ ತಿಳಿಯುವ ಆಜ್ಞೆಯಾಗಿ ಮಾಡಿಕೊಡುವುದು ಡ್ರೈವರ್ ಕೆಲಸ. ಹುಡುಗ ಹಾಕಿದ್ದು ಆ ಕಾರ್ಡಿಗೆ ಸಿಗುವ ಕಟ್ಟಕಡೆಯ ಆವೃತ್ತಿ. ಫೋನಿನಲ್ಲಿ ಅಪ್‌ಡೇಟ್ ಎಂದರೆ ಹಿಂದೆಮುಂದೆ ನೋಡದೆ ಒತ್ತುವ ನಮಗೆ ಅದೇ ಸರಿ ಅನ್ನಿಸುತ್ತದೆ. ಈ ಊರಿನ ರೂಢಿ ಬೇರೆ. ಕೊನೆಕೊನೆಯ ಡ್ರೈವರುಗಳನ್ನು ಬರೆಯುವ ಹೊತ್ತಿಗೆ ತಯಾರಕರ ಗಮನವೆಲ್ಲ ಮುಂದಿನ ಪೀಳಿಗೆಯ ಕಾರ್ಡುಗಳ ಕಡೆ ಹೊರಳಿರುತ್ತದೆ. ಹಳೆಯದು ಪಟ್ಟಿಯಲ್ಲಿ ಹೆಸರಿಗಷ್ಟೇ ಉಳಿದಿರುತ್ತದೆ. ಕಾರ್ಡು ಹುಟ್ಟಿದ ಕಾಲದ ಡ್ರೈವರೇ ಅದಕ್ಕೆ ಹೆಚ್ಚು ಒಗ್ಗುತ್ತದೆ ಎನ್ನುವುದು ಹಳೇ ಯಂತ್ರ ಸಾಕುವವರ ಅನುಭವದ ಮಾತು. ಹಳೆಯದನ್ನು ಹುಡುಕಿ ಇಳಿಸಿಕೊಂಡದ್ದಾಯಿತು. ಆದರೆ ಒಳಗೆ ಸೇರಿಸುವುದು ಹೇಗೆ? ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ಗುರುತು ಸಿಗುವುದಿಲ್ಲ. ಗುರುತು ಹಿಡಿಯಲು ಅದಕ್ಕೂ ಒಂದು ಡ್ರೈವರ್ ಬೇಕು. ಆ ಡ್ರೈವರ್ ಇರುವುದು ಪೆನ್‌ಡ್ರೈವಿನಲ್ಲಿ. ಕೊನೆಗೆ ಸೀಡಿ ಸುಟ್ಟು ಹಾಕುತ್ತೇವೆ. ಕೊಳವೆಗಳು ಮೊದಲಿಗಿಂತ ಹೆಚ್ಚು ಹೊತ್ತು ಬೆಳೆಯುತ್ತವೆ. ಆಮೇಲೆ ಮತ್ತೆ ನೀಲಿ.

"ಬನ್ನಿ ಮಾವ, ಸ್ವಲ್ಪ ತಿರುಗಾಡಿ ಬರೋಣ" ಎಂದು ಹುಡುಗ ಕಾರು ತೆಗೆಯುತ್ತಾನೆ. ತಿರುಗಾಟವೂ ಅದೇ ಊರಿಗೆ ಎಂದು ಆಮೇಲೆ ತಿಳಿಯುತ್ತದೆ. ಸ್ಯಾನ್ ಹೊಸೆಯ ಉತ್ತರ ತುದಿಯಲ್ಲಿ ಒಂದು ರಸ್ತೆಗೆ ಫೋರ್ಟ್ರಾನ್ ಡ್ರೈವ್ ಎಂದು ಹೆಸರು! ರಾಜರು, ಕವಿಗಳು, ಕಾರ್ಪೊರೇಟರುಗಳ ಹೆಸರಿನ ರಸ್ತೆಗಳಲ್ಲಿ ಓಡಾಡಿದ ನನಗೆ ಪ್ರೋಗ್ರಾಮಿಂಗ್ ಭಾಷೆಯ ಹೆಸರಿನ ರಸ್ತೆ ಇದೇ ಮೊದಲು. ತ್ರೀಡಿಎಫ್‌ಎಕ್ಸ್ ಕಂಪನಿ ಇಲ್ಲಿ ನೆಲೆಸಿತ್ತು. 1996ರಲ್ಲಿ ಬಂದ ಅವರ ವೂಡೂ ಕಾರ್ಡು ಮನೆಯ ಕಂಪ್ಯೂಟರಿನ ಆಟಗಳ ಚಹರೆಯನ್ನೇ ಬದಲಾಯಿಸಿತು. ಅದಕ್ಕೆ ಮಾಮೂಲಿ ಚಿತ್ರ ಬಿಡಿಸಲು ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ತ್ರೀಡಿ ಒಂದೇ. ಹಾಗಾಗಿ ಹಳೇ ಕಾರ್ಡಿನಿಂದ ಒಂದು ತಂತಿ ವೂಡೂಗೆ, ವೂಡೂವಿನಿಂದ ಇನ್ನೊಂದು ಮಾನಿಟರಿಗೆ. 2000ದ ಡಿಸೆಂಬರಿನಲ್ಲಿ ಕಂಪನಿ ತನ್ನ ಆಸ್ತಿಯನ್ನು ಎದುರಾಳಿ ಎನ್ವಿಡಿಯಾಗೆ ಮಾರಲು ಒಪ್ಪಿತು. ಈಗ ಇಲ್ಲಿ ಹಸಿರು ಹುಲ್ಲು, ಪಾರ್ಕಿಂಗ್ ಗೆರೆಗಳು, ಕಚೇರಿ ಕಟ್ಟಡಗಳು. ನಮ್ಮ ಹುಡುಗ ಮಾತ್ರ ಕಾರಿನಿಂದ ಇಳಿದು, ರಸ್ತೆಯ ಹೆಸರಿನ ಕಂಬದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾನೆ.

ಗೆದ್ದವರ ಜಾಗವೂ ಹತ್ತಿರದಲ್ಲೇ. ಬೆರಿಯೆಸಾ ರಸ್ತೆಯಲ್ಲಿ ಡೆನ್ನೀಸ್ ಎಂಬ ಹೋಟೆಲು. ಜೆನ್ಸನ್ ಹುವಾಂಗ್, ಕ್ರಿಸ್ ಮಲಾಖೋವ್‌ಸ್ಕಿ, ಕರ್ಟಿಸ್ ಪ್ರೀಮ್ ಇಲ್ಲಿ ಕೂತು ಮಾತಾಡಿ 1993ರಲ್ಲಿ ಎನ್ವಿಡಿಯಾ ಶುರು ಮಾಡಿದರು. 2023ರಲ್ಲಿ ಆ ನೆನಪಿಗೆ ಫಲಕವನ್ನೂ ಹಾಕಿದ್ದಾರೆ. ಕಾಫಿ ತರಿಸುತ್ತೇವೆ. ನಮ್ಮಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈ-ಟು. ಇಲ್ಲಿ ಒಬ್ಬನೇ ಕುಡಿದಷ್ಟೂ ತುಂಬುತ್ತ ಹೋಗುತ್ತಾರೆ, ದುಡ್ಡು ಒಂದಕ್ಕೇ. ಸಾಂಟಾ ಕ್ಲಾರಾದಲ್ಲಿ ಅವರ ಇಂದಿನ ಕಚೇರಿಯ ಎದುರು ಕಾರು ನಿಧಾನಿಸುತ್ತದೆ. ಕಟ್ಟಡದ ತುಂಬ ತ್ರಿಕೋನಗಳು. ತೆರೆಯ ಮೇಲೆ ಮುಖವಿರಲಿ, ಮರವಿರಲಿ, ಮೂಲದಲ್ಲಿ ಎಲ್ಲ ತ್ರಿಕೋನಗಳಿಂದ ಕಟ್ಟಿದ್ದು ತಾನೆ! ಅವರ ಎಚ್100 ಎಂಬ ಒಂದು ಚಿಪ್ಪಿನ ಜೊತೆ 80 ಜಿಬಿ ಮೆಮೊರಿ ಇರುತ್ತದೆಂದು ಹುಡುಗ ಹೇಳುತ್ತಾನೆ. ಇನ್ನೂ ಇನ್ನೂ ಎನ್ನುವುದೇ ಈ ಕಣಿವೆಯ ಉಸಿರು ಅನ್ನಿಸುತ್ತದೆ.

ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಇರುವ ಕಟ್ಟಡ ಒಂದು ಕಾಲಕ್ಕೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯದು. ನಮ್ಮ ಕೊಳವೆಗಳನ್ನು ಬಿಡಿಸುವ ಓಪನ್‌ಜಿಎಲ್ ಎಂಬ ಪದ್ಧತಿಯನ್ನು 1992ರಲ್ಲಿ ಜಗತ್ತಿಗೆ ಕೊಟ್ಟವರು ಅವರೇ. ತ್ರೀಡಿಎಫ್‌ಎಕ್ಸ್ ಕಟ್ಟಿದವರೂ ಅಲ್ಲಿಂದಲೇ ಹೊರಬಿದ್ದವರು. ಒಳಗೆ ನಡೆಯುತ್ತ ನಡೆಯುತ್ತ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಕಾಲು ನಿಲ್ಲುತ್ತದೆ. ಒಳಗಿರುವುದು ಬಿಳಿ ಪಿಂಗಾಣಿಯ ಟೀ ಪಾಟ್, ಮನೆಮನೆಯಲ್ಲೂ ಇರಬಹುದಾದಂಥದು. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಈ ಟೀ ಪಾಟನ್ನು ನೋಡಿ ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಅಂಕಿಗಳನ್ನು ಕಂಪ್ಯೂಟರಿಗೆ ಊಡಿಸಿದರು. ಆಮೇಲೆ ತ್ರೀಡಿ ಕಲಿತವರೆಲ್ಲ ಇದನ್ನೇ ಬಿಡಿಸಿ ಕಲಿತರು. ತೆರೆಯ ಮೇಲಿನ ಟೀ ಪಾಟ್ ಕುಳ್ಳು. ಎದುರಿಗಿರುವ ಅಸಲಿ ಅದಕ್ಕಿಂತ ಎತ್ತರ. "ಎಲ್ಲರೂ ನಕಲಿಯನ್ನೇ ನೋಡಿರೋದ್ರಿಂದ ಅಸಲಿಯೇ ತಪ್ಪು ಅನ್ಸುತ್ತೆ ಅಲ್ವಾ ಮಾವ?" ಎಂದು ಹುಡುಗ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾನೆ. ಪೈಪ್ಸ್ ಸ್ಕ್ರೀನ್‌ಸೇವರಿನಲ್ಲೂ ಅಪರೂಪಕ್ಕೊಮ್ಮೆ, ಕೊಳವೆಗಳ ಕೀಲಿನ ಜಾಗದಲ್ಲಿ ಇದೇ ಟೀ ಪಾಟ್ ಇಣುಕುತ್ತದಂತೆ. ಅಷ್ಟು ಹೊತ್ತು ಯಂತ್ರ ಎದ್ದಿದ್ದರೆ ತಾನೆ ನಮಗೆ ಕಾಣುವುದು!

ಗ್ಯಾರೇಜಿಗೆ ಮರಳಿ ಡಬ್ಬದ ಮುಚ್ಚಳ ಬಿಚ್ಚುತ್ತೇವೆ. ಒಳಗೊಂದು ಪುಟ್ಟ ಪೇಟೆ. ಕಂದು ಬಣ್ಣದ ಎಜಿಪಿ ಕಿಂಡಿಯಲ್ಲಿ ಗ್ರಾಫಿಕ್ಸ್ ಕಾರ್ಡು, ಅದಕ್ಕಂಟಿಕೊಂಡ ಮೊದಲ ಪಿಸಿಐ ಕಿಂಡಿಯಲ್ಲಿ ಸೌಂಡ್ ಕಾರ್ಡು. ನನ್ನ ಅಕ್ಕನ ಮಗ ಟಾರ್ಚು ಹಿಡಿದು ಕಂಡೆನ್ಸರುಗಳ ನೆತ್ತಿ ನೋಡುತ್ತಾನೆ. ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಅವು ಉಬ್ಬಿ ಒಡೆದು ಯಂತ್ರವನ್ನೇ ಮಲಗಿಸಿದ್ದುಂಟು. ಇವು ಚಪ್ಪಟೆಯಾಗಿ, ನೆಮ್ಮದಿಯಾಗಿವೆ. ಮುಂದಿನ ವಿಚಾರಣೆ ಐಆರ್‌ಕ್ಯೂಗಳದು. ಪ್ರೊಸೆಸರನ್ನು ಕೂಗಿ ಕರೆಯಲು ಇಲ್ಲಿರುವ ಗೆರೆಗಳು ಒಟ್ಟು 16. ಎಷ್ಟೋ ಬೋರ್ಡುಗಳಲ್ಲಿ ಎಜಿಪಿ ಕಿಂಡಿ ಮತ್ತು ಮೊದಲ ಪಿಸಿಐ ಕಿಂಡಿ ಒಂದೇ ಗೆರೆಯನ್ನು ಹಂಚಿಕೊಳ್ಳುತ್ತವೆ. ಇಬ್ಬರೂ ಒಟ್ಟಿಗೆ ಕೂಗಿದರೆ ಗೊಂದಲ. ಸದ್ಯಕ್ಕೆ ಸೌಂಡ್ ಕಾರ್ಡು ಹೊರಗಿರಲಿ ಎಂದು ಕಿತ್ತು ಮೇಜಿನ ಮೇಲಿಡುತ್ತಾನೆ. ಕೊಳವೆಗಳು ಮೌನವಾಗಿ ಬೆಳೆದು, ಮೌನವಾಗಿ ನೀಲಿಯಾಗುತ್ತವೆ.

ಆಗ ನನ್ನ ಕಣ್ಣು ಮೆಮೊರಿ ಪಟ್ಟಿಗಳ ಮೇಲೆ ಬೀಳುತ್ತದೆ. ಮೂರು ಕಿಂಡಿ, ಮೂರೂ ಭರ್ತಿ. "ಎಷ್ಟೋ ಇದು?" ಎಂದರೆ, "ಒಂದೊಂದು 256 ಎಂಬಿ, ಒಟ್ಟು 768. ಅಗ್ಗಕ್ಕೆ ಸಿಕ್ತು ಅಂತ ತುಂಬ್ಸಿಬಿಟ್ಟೆ" ಎಂದು ಹೆಮ್ಮೆಯಿಂದ ಹೇಳುತ್ತಾನೆ. ನನ್ನ ಫೋನಿನ ಲೆಕ್ಕದಲ್ಲಿ ಅದು ಚಿಲ್ಲರೆ. ಆದರೆ ವಿಂಡೋಸ್ 98 ಕೇಳುತ್ತಿದ್ದದ್ದು ಕನಿಷ್ಠ 16 ಎಂಬಿ! ಹುಡುಗ ಒಮ್ಮೆಲೇ ನೆಟ್ಟಗೆ ಕೂರುತ್ತಾನೆ. 512 ಎಂಬಿ ದಾಟಿದರೆ ಎಚ್ಚರ ಎಂದು ತಯಾರಕರೇ ಆಗ ಟಿಪ್ಪಣಿ ಹೊರಡಿಸಿದ್ದು ಅವನಿಗೆ ನೆನಪಾಗಿದೆ. ಅದರ ಒಳಗುಟ್ಟು ಸ್ವಾರಸ್ಯಕರ. ಡಿಸ್ಕಿನಿಂದ ಓದಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ವಿಕ್ಯಾಶ್ ಎಂಬ ಭಾಗ, ಮೆಮೊರಿ ಎಷ್ಟಿದೆಯೆಂದು ನೋಡಿ ಅದಕ್ಕೆ ತಕ್ಕಷ್ಟು ವಿಳಾಸಗಳನ್ನು ಮೊದಲೇ ಕಾದಿರಿಸುತ್ತದೆ. ವ್ಯವಸ್ಥೆಯ ವಿಳಾಸಗಳಿಗೆಂದು ಮೀಸಲಾದದ್ದು ಒಂದು ಸೀಮಿತ ವಠಾರ. ಎಜಿಪಿ ಕಾರ್ಡಿನ ಕಿಟಕಿ ತೆರೆಯಬೇಕಾದದ್ದೂ ಅದೇ ವಠಾರದಲ್ಲಿ. ಮೆಮೊರಿ ಹೆಚ್ಚಿದಷ್ಟೂ ವಿಕ್ಯಾಶ್ ಕಾಲು ಚಾಚುತ್ತದೆ, ಚಿತ್ರಕ್ಕೆ ಜಾಗ ಕುಗ್ಗುತ್ತದೆ. ಮೆಮೊರಿ ಇದೆ, ಅದನ್ನು ಕರೆಯಲು ವಿಳಾಸವಿಲ್ಲ! ಈ ಬಡ ಯಂತ್ರ ಕೆಟ್ಟದ್ದು ಕೊರತೆಯಿಂದಲ್ಲ, ಸಮೃದ್ಧಿಯಿಂದ.

ಮದ್ದು ಒಂದೇ ಸಾಲಿನದು. ಸಿಸ್ಟಮ್ ಡಾಟ್ ಐಎನ್‌ಐ ಎಂಬ ಕಡತ ತೆರೆದು, ವಿಕ್ಯಾಶ್ ತಲೆಬರಹದಡಿ ಮ್ಯಾಕ್ಸ್‌ಫೈಲ್‌ಕ್ಯಾಶ್ = 262144 ಎಂದು ಬರೆಯುತ್ತಾನೆ; ಅಂದರೆ 256 ಎಂಬಿಗಿಂತ ಹೆಚ್ಚು ಹಿಡಿಯಬೇಡ ಎಂದು ಅಪ್ಪಣೆ. ಮತ್ತೆ ಶುರು ಮಾಡುತ್ತೇವೆ. ಡೈರೆಕ್ಟ್‌ಎಕ್ಸ್ ಪರೀಕ್ಷೆಯಲ್ಲಿ ಪುಟ್ಟ ಘನವೊಂದು ಗಿರಗಿರ ತಿರುಗಿ ತೇರ್ಗಡೆಯಾಗುತ್ತದೆ. ಕೊಳವೆಗಳು ತೆರೆ ತುಂಬುತ್ತವೆ, ಅಳಿಸಿಕೊಂಡು ಮತ್ತೆ ತುಂಬುತ್ತವೆ. ಅಕ್ಕ ಒಳಗಿನಿಂದ ಊಟಕ್ಕೆ ಕರೆಯುತ್ತಾಳೆ, ಹುಳಿ ಆರುತ್ತದೆ ಎನ್ನುತ್ತಾಳೆ, ನಾವಿಬ್ಬರೂ ಕದಲುವುದಿಲ್ಲ. ಕಾರು ಓಡಿಸುವ ಒಂದು ಆಟವನ್ನೂ ಹಾಕುತ್ತಾನೆ. ರಸ್ತೆ, ಗುಡ್ಡ, ಆಕಾಶ, ಎಲ್ಲ ಜೀವಂತ. ಎಲ್ಲ ನಿಶ್ಶಬ್ದವೂ ಹೌದು, ಸೌಂಡ್ ಕಾರ್ಡು ಇನ್ನೂ ಮೇಜಿನ ಮೇಲಿದೆಯಲ್ಲ.

ಅದನ್ನು ಈಗ ದೂರದ ಕಿಂಡಿಯಲ್ಲಿ ಕೂರಿಸುತ್ತೇವೆ. ಕಿಂಡಿ ಬದಲಾದದ್ದೇ ವಿಂಡೋಸ್ 98ಕ್ಕೆ ಅದು ಅಪರಿಚಿತ ಅತಿಥಿ. ಹೊಸ ಹಾರ್ಡ್‌ವೇರ್ ಸಿಕ್ಕಿತೆಂದು ಸಂಭ್ರಮದಿಂದ ಸಾರಿ, ವಿಂಡೋಸ್ 98ರ ಮೂಲ ಸೀಡಿ ಹಾಕಿ ಎನ್ನುತ್ತದೆ. ಸೀಡಿ ಎಲ್ಲಿದೆ? ಹುಡುಗ ಖಾನೆಗಳನ್ನೆಲ್ಲ ಜಾಲಾಡುತ್ತಾನೆ. ನನಗೆ ಮಾತ್ರ ಧೈರ್ಯ. ಮೈಸೂರಿನ ನಮ್ಮ ಮನೆಯಲ್ಲಿ ಅಂಥ ಒಂದು ಸೀಡಿ, ಅದರ ಕವರಿನ ಸಮೇತ, ಭದ್ರವಾಗಿದೆ. ಬೇಕಾದರೆ ಕೊರಿಯರ್ ಮಾಡಿಸೋಣ. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಿಗ್ಗೆ ಎಂಟೂವರೆ. ಫೋನ್ ಹಚ್ಚುತ್ತೇನೆ.

"ಆ ಸೀಡಿನಾ ರೀ? ತಾರಸಿ ಮೇಲೆ ದಾರ ಕಟ್ಟಿ ತೂಗು ಹಾಕಿದ್ದೀನಿ. ಬಿಸಿಲಿಗೆ ಚೆನ್ನಾಗಿ ಮಿಂಚುತ್ತೆ. ಅದು ಬಂದ ಮೇಲೆ ಪಾರಿವಾಳದ ಕಾಟ ಇಲ್ಲವೇ ಇಲ್ಲ."