ಅಮ್ಮನ ತೂಕದ ಗೆರೆ

ಮಲಾಡ್‌ನ ನಮ್ಮ ಮನೆಯ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಪ್ರತಿ ತಿಂಗಳೂ ತನ್ನ ತೂಕ ಬರೆದಿಡುತ್ತಾಳೆ. ಕಳೆದ ವರ್ಷ ಜನವರಿಯಲ್ಲಿ 52 ಕಿಲೋ, ಜುಲೈಯಲ್ಲಿ 47. ಒಂದು ರಾತ್ರಿ ಅವನ್ನೆಲ್ಲ ಎಕ್ಸೆಲ್‌ಗೆ ಹಾಕಿ ಲೈನ್ ಚಾರ್ಟ್ ಮಾಡಿದೆ. ಗೆರೆ ಗುಡ್ಡದಿಂದ ಉರುಳಿದ ಹಾಗೆ ಕಂಡಿತು. ವಾಟ್ಸ್ಯಾಪಿನಲ್ಲಿ ಕಳಿಸಿದ ಐದೇ ನಿಮಿಷಕ್ಕೆ ಉಡುಪಿಯಿಂದ ಅಕ್ಕನ ಫೋನು: "ಅಮ್ಮನಿಗೆ ಎಂತ ಆಯ್ತಾ?"

ನೋಡಿದರೆ ಎಡಬದಿಯ ಅಳತೆ ಶುರುವಾಗುವುದೇ 44ರಿಂದ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಿಗಳ ಅಂತರ, ಹೆಚ್ಚಿನದರ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಎಕ್ಸೆಲ್ ತಾನಾಗಿಯೇ ಸೊನ್ನೆಯನ್ನು ಕೈಬಿಡುತ್ತದೆ. ಅಳತೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ, ಮಿನಿಮಮ್ 0 ಎಂದು ಹಾಕಿದೆ. ಗೆರೆ ಮಟ್ಟಸವಾಗಿ ಮಲಗಿತು. ಅಕ್ಕನಿಗೆ ಸಮಾಧಾನ, ನನಗಂತೂ ಸುಳ್ಳು ಹಿಡಿದ ಹೆಮ್ಮೆ.

ಎಸ್.ವಿ. ರೋಡಿನ ಡಾಕ್ಟರಿಗೆ ಎರಡನ್ನೂ ತೋರಿಸಿದೆ. ಅವರು ಗೆರೆ ನೋಡಲಿಲ್ಲ, ಅಂಕಿ ನೋಡಿದರು. "ಆರು ತಿಂಗಳಲ್ಲಿ ಐದು ಕಿಲೋನಾ? ತಾನಾಗಿ ನೂರಕ್ಕೆ ಐದು ಇಳಿದರೂ ಕಾರಣ ಹುಡುಕಬೇಕು. ಇದು ಹತ್ತರ ಹತ್ತಿರ ಇದೆ."

ಸೊನ್ನೆಯ ಹಟ ಕಂಬದ ಚಾರ್ಟಿಗೆ ಸರಿ, ಅಲ್ಲಿ ಉದ್ದವೇ ಲೆಕ್ಕ. ಬದುಕಿರುವವರ ತೂಕಕ್ಕೆ ಸೊನ್ನೆ ಎಲ್ಲಿಂದ ಬರಬೇಕು?

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಜಾಸ್ತಿ ಎಂದು ಬಂತು. ಮಾತ್ರೆ ನಡೆಯುತ್ತಿದೆ. ಚಾರ್ಟಿನ ಅಳತೆಯನ್ನು ಈಗ 40ರಿಂದ 60ಕ್ಕೆ ನಾನೇ ಕಟ್ಟಿಹಾಕಿದ್ದೇನೆ, ತಿಂಗಳಿಗೊಂದು ರೂಪ ತಾಳದಿರಲಿ ಎಂದು. ಕಳೆದ ಭಾನುವಾರ 49.