ಬೆನ್ನ ಹಿಂದೆ ಮನೆ, ಕಣ್ಣ ಮುಂದೆ ದಾರಿ

ಸಹೋದರಿಯರೇ, ನಿಮ್ಮ ಮನೆಯಲ್ಲಿ ಕಾಯಿಲೆಯ ಹಿರಿಯರಿದ್ದರೆ ಒಂದು ವಿಷಯ ನಿಮಗೆ ಗೊತ್ತೇ ಇರುತ್ತದೆ. ಪ್ರಯಾಣವೆಂದರೆ ಅವರಿಗೆ ಮೊದಲು ನೆನಪಾಗುವುದು ಊರೂ ಅಲ್ಲ, ದಾರಿಯೂ ಅಲ್ಲ, ಶೌಚಾಲಯ. "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ" ಎಂದು ಅವರು ಹೇಳುವಾಗ ಅದರ ಹಿಂದಿನ ಮಾತು ಇಷ್ಟೇ: ದಾರಿಯಲ್ಲಿ ನನ್ನ ಮಾನ ಹೋಗುವುದು ಬೇಡ.

ನಮ್ಮ ಮನೆಯವರದೂ ಅದೇ ಮಾತಾಗಿತ್ತು. ಮೂವತ್ತೊಂದು ವರ್ಷ ಲಾರಿ ಓಡಿಸಿದವರು ಅವರು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಮಾಲು ಸಾಗಿಸಿದವರು. 2019ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತವು. ಮಾತು ತೊದಲತೊಡಗಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಆಮೇಲೆ ಅವರು ಮಸೀದಿಗೆ ಮತ್ತು ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿರುವ ಮಗಳು ಎರಡು ವರ್ಷ ಹಟ ಹಿಡಿದು ಕರೆಸಿಕೊಂಡಳು. ಅಲ್ಲಿಗೆ ಬಂದರೂ ಅದೇ ಕಥೆ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ಎಣಿಸುತ್ತಾ ಕೂರುವುದು.

ಒಂದು ದಿನ ಮಗಳು ಬಂದು, "ಅಬ್ಬಾ, ನೀವು ಮನೆ ಬಿಟ್ಟು ಬರಬೇಡಿ. ಮನೆಯನ್ನೇ ಕಟ್ಟಿಕೊಂಡು ಹೋಗೋಣ" ಎಂದಳು. 2022ರ ಅಕ್ಟೋಬರ್‌ನಲ್ಲಿ ನಾವು ಮಾಡಿದ ಪ್ರಯಾಣ ಶುರುವಾದದ್ದು ಹಾಗೆ.

ಟ್ರಾವೆಲ್ ಟ್ರೈಲರ್ ಎಂದರೆ ಏನೆಂದು ನಿಮಗೆ ಹೇಳಬೇಕು. ನಮ್ಮೂರಲ್ಲಿ ಟ್ರ್ಯಾಕ್ಟರಿನ ಹಿಂದೆ ಟ್ರೈಲರ್ ಕಟ್ಟುತ್ತಾರಲ್ಲ, ಅದೇ ಲೆಕ್ಕ. ಆದರೆ ಅದರ ಮೇಲೆ ಕಲ್ಲು, ಗೊಬ್ಬರದ ಬದಲು ಒಂದು ಪುಟ್ಟ ಮನೆ ಇರುತ್ತದೆ. ನಾವು ಬಾಡಿಗೆಗೆ ಪಡೆದದ್ದು 24 ಅಡಿ ಉದ್ದದ್ದು. ಒಂದು ತುದಿಯಲ್ಲಿ ಮಂಚ, ಇನ್ನೊಂದು ತುದಿಯಲ್ಲಿ ಬಂಕ್ ಹಾಸಿಗೆಗಳು. ನಡುವೆ ಗ್ಯಾಸ್ ಒಲೆ, ಸಿಂಕ್, ಫ್ರಿಜ್ಜು, ಊಟದ ಮೇಜು. ಮೂಲೆಯಲ್ಲಿ ಬಾತ್‌ರೂಮ್, ಅದರಲ್ಲಿ ಕಮೋಡ್. ನಮಗೆ ಬೇಕಾಗಿದ್ದು ಈ ಕಮೋಡ್ ಮತ್ತು ಇನ್ಸುಲಿನ್ ಇಡಲು ಫ್ರಿಜ್ಜು, ಇವೆರಡೇ. ಉಳಿದದ್ದೆಲ್ಲ ಜೊತೆಗೆ ಬಂದದ್ದು.

ಇದನ್ನು ಪಿಕಪ್ ಗಾಡಿಯ ಹಿಂಭಾಗದ ಕಬ್ಬಿಣದ ಗುಂಡಿಗೆ ಕೊಂಡಿ ಹಾಕಿ ಕಟ್ಟುತ್ತಾರೆ. ಕೊಂಡಿ ಕಳಚಿದರೂ ಬಿದ್ದುಹೋಗದಂತೆ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡವಾಗಿ ಹಾಕಬೇಕು. ಸರಪಳಿಯೂ ಕಡಿದರೆ? ಒಂದು ತೆಳ್ಳಗಿನ ಕೇಬಲ್ ಇರುತ್ತದೆ. ಅದು ಎಳೆದುಕೊಂಡು ಪಿನ್ ಕಿತ್ತಿತೆಂದರೆ ಟ್ರೈಲರ್ ತನ್ನದೇ ಬ್ಯಾಟರಿಯ ಬಲದಿಂದ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ನಮ್ಮ ಮನೆಯವರು ಇದನ್ನೆಲ್ಲ ಊರುಗೋಲು ಹಿಡಿದು ಸುತ್ತು ಹಾಕಿ ನೋಡಿದರು. ತಿಂಗಳುಗಳ ಮೇಲೆ ಅವರ ಮುಖದಲ್ಲಿ ಆಸಕ್ತಿ ಕಂಡಿತು. ಆದರೆ ಸ್ಟಿಯರಿಂಗ್ ಹಿಡಿಯುವುದು ಮಗಳು ಎಂದು ತಿಳಿದ ಕೂಡಲೇ ಮುಖ ಗಂಟಿಕ್ಕಿತು.

ಇಲ್ಲಿ ಒಂದು ಹಳೆಯ ಮಾತು ಹೇಳಲೇಬೇಕು. ಮಗಳು ಪಿಯುಸಿಯಲ್ಲಿದ್ದಾಗ ಸ್ಕೂಟಿ ಕಲಿಯುತ್ತೇನೆಂದು ಕೇಳಿದ್ದಳು. "ಹೆಣ್ಣುಮಕ್ಕಳಿಗೆ ಗಾಡಿ ಯಾಕೆ?" ಎಂದು ಇವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅವಳು ಮೂರು ದಿನ ಊಟ ಬಿಟ್ಟಿದ್ದಳು. ನಾನು ಆಗ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಮದುವೆಯಾಗಿ ಅಮೆರಿಕಕ್ಕೆ ಹೋದ ಮೇಲೆ ಅವಳು ಕಾರು ಕಲಿತಳು. ಅಳಿಯ ಕಂಪ್ಯೂಟರ್ ಮುಂದೆ ಕೂರುವ ಮನುಷ್ಯ, ದೊಡ್ಡ ಗಾಡಿ ಎಂದರೆ ಅವರಿಗೆ ಭಯ. ಹಾಗಾಗಿ ಮಗಳೇ ಚಾಲಕಿ. ಇಂಥ ಟ್ರೈಲರ್ ಎಳೆಯಲು ಟೆಕ್ಸಾಸ್‌ನಲ್ಲಿ ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ಹೊರಡುವ ಮೊದಲು ಅವಳು ಎರಡು ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿದ್ದಳು.

ಮೊದಲ ದಿನ ವಾಯವ್ಯಕ್ಕೆ, ಅಮರಿಲೊ ಊರಿನ ಕಡೆಗೆ ಹೊರಟೆವು. ಟ್ರೈಲರ್ ಒಳಗೆ ಯಾರೂ ಕೂರುವಂತಿಲ್ಲ. ಅನೇಕ ರಾಜ್ಯಗಳಲ್ಲಿ ಕಾನೂನೇ ಬಿಡುವುದಿಲ್ಲ, ಬಿಟ್ಟರೂ ಅದು ಅಪಾಯ. ಎಲ್ಲರೂ ಪಿಕಪ್‌ನಲ್ಲೇ ಇದ್ದೆವು. ಮಗಳು ಸ್ಟಿಯರಿಂಗ್ ಮುಂದೆ, ಪಕ್ಕದಲ್ಲಿ ಅವಳ ತಂದೆ. ಹಿಂದೆ ನಾನು, ಅಳಿಯ, ಆರು ವರ್ಷದ ಮೊಮ್ಮಗ.

ವಿಚಿಟಾ ಫಾಲ್ಸ್ ತಲುಪುವ ಮೊದಲೇ ಅದು ನಡೆಯಿತು. ಒಂದು ದೊಡ್ಡ ಟ್ರಕ್ ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಗಾಳಿಗೆ ನಮ್ಮ ಟ್ರೈಲರ್ ಒಮ್ಮೆ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ನಾಯಿ ಬಾಲ ಅಲ್ಲಾಡಿಸಿದ ಹಾಗೆ. ಪಿಕಪ್‌ನ ಹಿಂಭಾಗವನ್ನೇ ಅದು ಎಳೆದಾಡತೊಡಗಿತು. ನಾನು ಮೊಮ್ಮಗನನ್ನು ಅಪ್ಪಿ ಹಿಡಿದೆ. ಮಗಳ ಕಾಲು ಬ್ರೇಕಿನ ಕಡೆಗೆ ಹೋಯಿತು.

"ಬ್ರೇಕ್ ಬೇಡ!"

ಮೂರು ವರ್ಷಗಳಲ್ಲಿ ಅವರ ಬಾಯಿಂದ ಅಷ್ಟು ಸ್ಪಷ್ಟವಾದ ಮಾತು ಬಂದದ್ದು ನಾನು ಕೇಳಿರಲಿಲ್ಲ. "ಕಾಲು ತೆಗಿ. ನೇರ ಹಿಡಿ" ಎಂದರು. ಮಗಳು ಎಕ್ಸಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗ್ ಅಲುಗದಂತೆ ಹಿಡಿದಳು. ಟ್ರೈಲರ್‌ಗೆ ಮಾತ್ರ ಬ್ರೇಕ್ ಹಾಕುವ ಚಿಕ್ಕ ಹಿಡಿಯೊಂದು ಡ್ಯಾಶ್‌ಬೋರ್ಡಿನ ಕೆಳಗಿತ್ತು. ಅದು ಅವಳಿಗೆ ನೆನಪಾಯಿತು, ಮೆಲ್ಲಗೆ ಒತ್ತಿದಳು. ಓಲಾಟ ಕಡಿಮೆಯಾಯಿತು, ನಿಂತಿತು. ರಸ್ತೆ ಬದಿಗೆ ಬಂದು ಗಾಡಿ ನಿಲ್ಲಿಸಿ ಅವಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟಳು.

ತಪ್ಪು ನನ್ನದಾಗಿತ್ತು. ಬಂಕ್ ಹಾಸಿಗೆಗಳ ಕೆಳಗೆ ಜಾಗ ಖಾಲಿಯಿದೆಯೆಂದು ಅಕ್ಕಿ ಚೀಲ, ಎಣ್ಣೆ ಕ್ಯಾನು, ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನೆಲ್ಲ ಟ್ರೈಲರ್‌ನ ಹಿಂತುದಿಗೆ ತುಂಬಿದವಳು ನಾನೇ. ಗೃಹಿಣಿಯ ಬುದ್ಧಿ ನೋಡಿ, ಮೂಲೆ ಕಂಡರೆ ತುಂಬಿಸುವುದು! ಟ್ರೈಲರ್‌ನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕಂತೆ. ನಮ್ಮದು ಸಾಮಾನು ಸೇರಿ ಸುಮಾರು 2,700 ಕಿಲೋ. ಅಂದರೆ 270ರಿಂದ 400 ಕಿಲೋ ಕೊಂಡಿಯ ಮೇಲಿರಬೇಕು. ಹಿಂದೆ ಭಾರ ಹೆಚ್ಚಾದರೆ ಮುಂಭಾಗ ಹಗುರಾಗಿ ಬಾಲ ಕುಣಿಯುತ್ತದೆ. ನಮ್ಮ ಮನೆಯವರು ಕೆಳಗಿಳಿದು ಊರುಗೋಲಿನಿಂದ ತೋರಿಸುತ್ತಾ ಹೋದರು. ಅಳಿಯ ಅಕ್ಕಿ ಚೀಲ ಹೊತ್ತು ಮುಂದಕ್ಕೆ ಸಾಗಿಸಿದರು. ಲಾರಿಯ ಲೋಡು ನೋಡಿದ ಕಣ್ಣು ಅದು. ಆಮೇಲೆ ಗಂಟೆಗೆ 60 ಮೈಲಿಗಿಂತ ಮೇಲೆ ಹೋಗಬಾರದೆಂದು ಅವರೇ ಕಾನೂನು ಮಾಡಿದರು. ಸಿಟ್ಟಾಗಲಿಲ್ಲ. ಮಗಳಿಗೆ ಬೈಯುತ್ತಾರೆಂದು ಕಾದಿದ್ದೆ, ಬೈಯಲಿಲ್ಲ.

ಅಮರಿಲೊ ಸುತ್ತಮುತ್ತ ಬಯಲೇ ಬಯಲು. ಕಣ್ಣು ಹಾಯಿಸಿದಷ್ಟು ದೂರ ಗಾಳಿಯಂತ್ರಗಳು, ದನಗಳ ದೊಡ್ಡಿಗಳು, ಅವುಗಳ ವಾಸನೆ. ಊರ ಹೊರಗಿನ ಹೊಲದಲ್ಲಿ ಹತ್ತು ಕ್ಯಾಡಿಲಾಕ್ ಕಾರುಗಳನ್ನು 1974ರಲ್ಲಿ ಮೂತಿ ಕೆಳಗಾಗಿ ಹೂತಿದ್ದಾರೆ. ಬಂದವರೆಲ್ಲ ಅದಕ್ಕೆ ಬಣ್ಣ ಎರಚುತ್ತಾರೆ. ಮೊಮ್ಮಗನಿಗೆ ಸಂತೋಷವೋ ಸಂತೋಷ. ನಮ್ಮ ಮನೆಯವರು ಮಾತ್ರ "ಒಳ್ಳೆ ಗಾಡಿಗಳು" ಎಂದು ತಲೆ ಅಲ್ಲಾಡಿಸಿದರು.

ಇನ್ನು ಮನೆವಾರ್ತೆಯ ಮಾತು. ಅಡುಗೆಮನೆ ನಮ್ಮ ಹಿಂದೆಯೇ ಬಂದರೆ ಅಡುಗೆ ಮಾಡುವವಳಿಗೆ ರಜೆ ಎಲ್ಲಿ? ಎರಡನೆಯ ದಿನವೇ ನಾನು ಹೇಳಿಬಿಟ್ಟೆ, ಅಡುಗೆ ನಾವು ಮಾಡುತ್ತೇವೆ, ಪಾತ್ರೆ ಮತ್ತು ಟ್ಯಾಂಕು ಅಳಿಯನವರದು ಎಂದು. ಟ್ಯಾಂಕುಗಳು ಮೂರು: ಒಳ್ಳೆ ನೀರಿಗೊಂದು, ಸಿಂಕ್ ಮತ್ತು ಸ್ನಾನದ ಬೂದು ನೀರಿಗೊಂದು, ಶೌಚದ ಕರಿ ನೀರಿಗೊಂದು. ಕೆಲವು ದಿನಗಳಿಗೊಮ್ಮೆ ಅದಕ್ಕಾಗಿಯೇ ಇರುವ ಜಾಗದಲ್ಲಿ ಪೈಪ್ ಜೋಡಿಸಿ ಖಾಲಿ ಮಾಡಬೇಕು. ಮೊದಲು ಕರಿ ನೀರು, ಆಮೇಲೆ ಬೂದು ನೀರು. ಎರಡನೆಯದು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ತೊಟ್ಟ ಅಳಿಯ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರು. ಈ ಸವಾರಿಯ ಚಂದದ ಫೋಟೋಗಳಲ್ಲಿ ಯಾರೂ ಇದನ್ನು ತೋರಿಸುವುದಿಲ್ಲ. ಒಳ್ಳೆ ನೀರು ಸುಮಾರು 150 ಲೀಟರ್ ಮಾತ್ರ. ಐದು ಜನಕ್ಕೆ ಅದೆಷ್ಟು ಹೊತ್ತು? ವುಝೂಗೆ ಒಂದು ಚೊಂಬು ಎಂದು ಲೆಕ್ಕ ಇಟ್ಟೆವು. ಗಾಡಿ ಓಡುವಾಗ ಗ್ಯಾಸ್ ಸಿಲಿಂಡರ್ ಬಂದ್. ಮುಚ್ಚಿಟ್ಟ ಫ್ರಿಜ್ಜು ಅಲ್ಲಿಯವರೆಗೆ ತಂಪು ಹಿಡಿದುಕೊಂಡಿರುತ್ತದೆ. ಖರ್ಚಿನ ಮಾತು ಕೇಳಿದರೆ, ಇದು ಅಗ್ಗದ ಪ್ರವಾಸವಲ್ಲ. ಟ್ರೈಲರ್ ಕಟ್ಟಿದ ಪಿಕಪ್ ಸಾಮಾನ್ಯಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಪೆಟ್ರೋಲ್ ಕುಡಿಯುತ್ತದೆ.

ಆದರೆ ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ದಾರಿಯಲ್ಲಿ ಅವರಿಗೆ ಬೇಕೆನಿಸಿದಾಗ ಮಗಳು ಸುರಕ್ಷಿತ ಜಾಗ ನೋಡಿ ನಿಲ್ಲಿಸುತ್ತಿದ್ದಳು. ಅಳಿಯ ಬಾಗಿಲ ಬಳಿ ಮರದ ಮಣೆ ಇಡುತ್ತಿದ್ದರು. ಅವರು ತಮ್ಮದೇ ಬಾತ್‌ರೂಮ್‌ಗೆ ಹೋಗಿ ಬರುತ್ತಿದ್ದರು. ಯಾರ ಬಳಿಯೂ ಕೀ ಕೇಳಬೇಕಿಲ್ಲ, ಸಾಲಿನಲ್ಲಿ ನಿಲ್ಲಬೇಕಿಲ್ಲ. ಮದುವೆಯಾದ ಹೊಸತರಲ್ಲಿ ಇವರ ಲಾರಿಯ ಕ್ಯಾಬಿನ್‌ನಲ್ಲಿ ಮಂಗಳೂರಿಗೆ ಹೋದ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿದ್ದೆ. ಯಾಕೆಂದು ಓದುವ ನಿಮಗೆ ವಿವರಿಸಬೇಕಿಲ್ಲ. ಈಗ ಅದನ್ನು ಇವರಿಗೆ ಹೇಳಿದೆ. "ಆಗ ಯಾಕೆ ಹೇಳಲಿಲ್ಲ?" ಎಂದರು.

ನ್ಯೂ ಮೆಕ್ಸಿಕೊ ರಾಜ್ಯ ಹೊಕ್ಕರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಮುಂದೆ ಅರಿಝೋನದಲ್ಲಿ ಇನ್ನೊಂದು ಗಂಟೆ ಹಿಂದಕ್ಕೆ. ನಮಾಝಿಗೆ ಸೂರ್ಯನಿದ್ದಾನೆ, ಇನ್ಸುಲಿನ್‌ಗೆ? ನಾನು ಒಂದು ಗಡಿಯಾರವನ್ನು ಟೆಕ್ಸಾಸ್ ಸಮಯಕ್ಕೇ ಬಿಟ್ಟು ಔಷಧಿಯ ಲೆಕ್ಕ ಅದರಲ್ಲೇ ನಡೆಸಿದೆ.

ಸಾಂಟಾ ಫೆ ನಗರ ದಾಟಿ ಸುಮಾರು 80 ಕಿ.ಮೀ. ಹೋದರೆ ಅಬಿಕ್ಯೂ ಎಂಬ ಪುಟ್ಟ ಊರು. ಅಲ್ಲಿನ ಸರೋವರದ ಬಳಿ ಉಳಿಯಲು ಜಾಗ ಗೊತ್ತು ಮಾಡಿದ್ದೆವು. ಆದರೆ ಆ ಜಾಗಕ್ಕೆ ಟ್ರೈಲರನ್ನು ಹಿಮ್ಮುಖವಾಗಿ ನುಗ್ಗಿಸಬೇಕಿತ್ತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ಮಗಳು ನಾಲ್ಕು ಸಲ ಪ್ರಯತ್ನಿಸಿದಳು, ನಾಲ್ಕು ಸಲವೂ ಅಡ್ಡವಾಯಿತು. ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವಳ ಕಣ್ಣಲ್ಲಿ ನೀರು.

ನಮ್ಮ ಮನೆಯವರು ಇಳಿದು ಕಿಟಕಿಯ ಬಳಿ ಹೋದರು. ಚಿಕ್ಕಂದಿನಲ್ಲಿ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸಿದವರು ಅವರು. ಅವಳ ಕೈಯನ್ನು ತಮ್ಮ ಎಡಗೈಯಿಂದ ಹಿಡಿದು ಸ್ಟಿಯರಿಂಗ್‌ನ ಕೆಳತುದಿಯಲ್ಲಿ ಇಟ್ಟರು. "ಇಲ್ಲಿ ಹಿಡಿ. ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆ ಕೈ ನಡೆಸು" ಎಂದರು. ನಂತರ ಟ್ರೈಲರ್ ಹಿಂದೆ, ಅವಳ ಕನ್ನಡಿಗೆ ಕಾಣುವಂತೆ ಒಂದು ಪಕ್ಕಕ್ಕೆ ಹೋಗಿ ನಿಂತರು. ಕೂಗಲು ಸ್ವರ ಸಾಲದು. ಆದ್ದರಿಂದ ಬಡಿದರು. ನಮ್ಮೂರ ಲಾರಿ ಕ್ಲೀನರುಗಳು ಬಾಡಿಗೆ ಬಡಿಯುತ್ತಾರಲ್ಲ, ಹಾಗೆ. ಎರಡು ಬಡಿತ, ಬರಲಿ. ಒಂದು ಬಡಿತ, ಹೋಲ್ಡಾನ್. ಟಕ್‌ಟಕ್... ಟಕ್‌ಟಕ್... ಟಕ್. ಬಂಡಿ ನೆಟ್ಟಗೆ ಹೋಗಿ ಜಾಗದಲ್ಲಿ ಕೂತಿತು. ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮಗಳು ಇಳಿದು ಬಂದು ತಂದೆಯ ಹೆಗಲ ಮೇಲೆ ಮುಖವಿಟ್ಟಳು. "ಸ್ಕೂಟಿ ಕೊಡಿಸಬೇಕಿತ್ತು" ಎಂದರು ಅವರು. ಅಷ್ಟೇ.

ಮರುದಿನ ಟ್ರೈಲರ್ ಅಲ್ಲೇ ಬಿಟ್ಟು, ಪಿಕಪ್‌ನಲ್ಲಿ ಗುಡ್ಡದ ಮಣ್ಣಿನ ರಸ್ತೆ ಹತ್ತಿ ದಾರ್ ಅಲ್ ಇಸ್ಲಾಮ್ ಮಸೀದಿಗೆ ಹೋದೆವು. ಅಮೆರಿಕದ ಈ ಮರುಭೂಮಿಯಲ್ಲಿ ಇಂಥದೊಂದು ಕಟ್ಟಡ ಇರುತ್ತದೆಂದು ನಾನು ಎಣಿಸಿರಲಿಲ್ಲ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ಇದರ ನಕ್ಷೆ ಮಾಡಿದವರು. 1900ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಅವರು ಬಡವರಿಗೆ ಸಿಮೆಂಟು ಕಬ್ಬಿಣ ಬೇಡ, ಕಾಲಡಿಯ ಮಣ್ಣೇ ಸಾಕು ಎಂದು ಜೀವನವಿಡೀ ವಾದಿಸಿದವರು. ನೂಬಿಯಾದ ಗಾರೆ ಕೆಲಸಗಾರರನ್ನು ಕರೆತಂದು, ಕೆಳಗೆ ಮರದ ಆಧಾರ ಕೊಡದೆಯೇ ಹಸಿ ಇಟ್ಟಿಗೆಯ ಕಮಾನು, ಗುಮ್ಮಟ ಏರಿಸುವ ವಿದ್ಯೆಯನ್ನು ಇಲ್ಲಿ ತೋರಿಸಿಕೊಟ್ಟರು. ಒಂದಿಡೀ ಮುಸ್ಲಿಂ ಹಳ್ಳಿ ಕಟ್ಟುವ ಯೋಜನೆಯಿತ್ತು. ಎದ್ದು ನಿಂತದ್ದು ಮಸೀದಿ ಮತ್ತು ಮದ್ರಸ ಮಾತ್ರ. ಹಸಿ ಇಟ್ಟಿಗೆಗೆ ಇಲ್ಲಿಯವರು 'ಅಡೋಬಿ' ಎನ್ನುತ್ತಾರೆ. ಆ ಮಾತು ಅರಬಿಯ 'ಅತ್ತೂಬ್' ಎಂಬ ಪದದಿಂದ ಸ್ಪೇನ್ ದಾಟಿ ಬಂದದ್ದು. ಒಳಗೆ ಎಂಥ ತಂಪು! ನನ್ನ ಅಜ್ಜಿಯ ಮಣ್ಣಿನ ಗೋಡೆಯ ಮನೆ ನೆನಪಾಯಿತು. ಅದನ್ನು ಕೆಡವಿ ಸಿಮೆಂಟಿನದು ಕಟ್ಟಿದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಈಗ ಅದರಲ್ಲಿ ಏಪ್ರಿಲ್ ತಿಂಗಳು ಕೂರಲಾಗುವುದಿಲ್ಲ. ಅಲ್ಲಿ ಎರಡು ರಕಅತ್ ಕಸ್ರ್ ನಿರ್ವಹಿಸಿದೆವು. ಇವರು ಕುರ್ಚಿಯಲ್ಲಿ ಕುಳಿತು ನಿರ್ವಹಿಸಿ, ಗೋಡೆಯನ್ನು ಬಹಳ ಹೊತ್ತು ಅಂಗೈಯಿಂದ ಮುಟ್ಟಿ ನೋಡಿದರು.

ಗ್ರ್ಯಾಂಡ್ ಕ್ಯಾನಿಯನ್ ಬಗ್ಗೆ ನಿಮಗೆ ಬೇಕಾದಷ್ಟು ಓದಲು ಸಿಗುತ್ತದೆ. 446 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗೂ ಹೆಚ್ಚು ಆಳ, ತಳದಲ್ಲಿ ದಾರದ ಎಳೆಯಂತೆ ಕೊಲೊರಾಡೊ ನದಿ. ಹಿರಿಯರಿರುವವರಿಗೆ ಉಪಯೋಗದ ಮಾತು ಹೇಳುತ್ತೇನೆ. ದಕ್ಷಿಣ ಅಂಚಿನ ಹಳ್ಳಿಯಲ್ಲೇ ಟ್ರೈಲರ್ ನಿಲ್ಲಿಸುವ ಜಾಗವಿದೆ. ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಬರಬಹುದು, ಹಿಮ್ಮುಖದ ಕಾಟವಿಲ್ಲ. ನೀರು, ಕರೆಂಟು, ಒಳಚರಂಡಿಯ ಸಂಪರ್ಕ ಅಲ್ಲೇ ಸಿಗುತ್ತದೆ. ಉಚಿತ ಬಸ್ಸುಗಳಿಗೆ ಗಾಲಿಕುರ್ಚಿ ಹತ್ತಿಸಬಹುದು. ಮೇದರ್ ಪಾಯಿಂಟ್‌ವರೆಗೆ ಕಲ್ಲುಮುಳ್ಳಿಲ್ಲದ ಹಾದಿಯಿದೆ. ಸುಮಾರು 7,000 ಅಡಿ ಎತ್ತರ. ಅಕ್ಟೋಬರಿನ ರಾತ್ರಿ ಮೈ ಕೊರೆಯುವ ಚಳಿ. ನೀರಿನ ಪೈಪ್ ಹೆಪ್ಪುಗಟ್ಟದಂತೆ ಮಲಗುವ ಮೊದಲು ಬಿಚ್ಚಿಡಬೇಕು. ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಎಂಬ ಪ್ರಾಣಿ ಹತ್ತಡಿ ದೂರದಲ್ಲಿ ನಿಂತಿತ್ತು. ನಾನು ಬಾಗಿಲು ಮುಚ್ಚಿಬಿಟ್ಟೆ.

ಇವರು ಕಣಿವೆಯನ್ನು ಸುಮಾರು ಒಂದು ಗಂಟೆ ನೋಡಿದರು. ಏನನ್ನಿಸಿತು ಎಂದು ಕೇಳಿದ್ದಕ್ಕೆ, "ಇದಕ್ಕೆ ಘಾಟಿ ರಸ್ತೆ ಮಾಡಿಲ್ಲವೇ?" ಎಂದರು.

ಹೋಗಿ ಬರುವುದು ಸೇರಿ ಸುಮಾರು 2,300 ಮೈಲಿ, ಅಂದರೆ 3,700 ಕಿ.ಮೀ. ಆಯಿತು. ಹದಿನಾಲ್ಕು ದಿನ. ಹೊರಡುವ ಪ್ರತಿ ಬೆಳಿಗ್ಗೆಯೂ ಫಜ್ರ್ ಮುಗಿಸಿ ಇವರು ಹೊರಗಿಳಿದು ಊರುಗೋಲಿನಿಂದ ಎಂಟೂ ಟೈರುಗಳನ್ನು ಬಡಿದು ನೋಡುತ್ತಿದ್ದರು. ಪಿಕಪ್‌ನದು ನಾಲ್ಕು, ಟ್ರೈಲರ್‌ನದು ನಾಲ್ಕು. ಮಗಳ ಬಳಿ ಗಾಳಿ ಅಳೆಯುವ ಮೀಟರ್ ಇತ್ತು. ಮೊದಲ ಕೆಲವು ದಿನ ಅವಳು ಅದನ್ನು ತೋರಿಸಿ ನಗುತ್ತಿದ್ದಳು. ಆಮೇಲೆ ಅವರು ಬಡಿದು ಮುಗಿಸುವವರೆಗೆ ಇಂಜಿನ್ ಸ್ಟಾರ್ಟ್ ಮಾಡದೆ ಕಾಯುತ್ತಿದ್ದಳು.