ಅಳಿಸಿ ಬರೆಯುವ ಸಿ.ಡಿ.

ರಾಜಾಜಿನಗರದ ನಮ್ಮ ಮನೆಗೆ ಸಿ.ಡಿ. ರೈಟರ್ ಬಂದದ್ದು 2003ರಲ್ಲಿ. ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಅದನ್ನೂ, ಜೊತೆಗೆ ಒಂದೇ ಒಂದು ಸಿ.ಡಿ.-ಆರ್‌ಡಬ್ಲ್ಯೂವನ್ನೂ ತಂದಿದ್ದೆ. ಮಾಮೂಲು ಸಿ.ಡಿ.ಗೆ ಒಮ್ಮೆ ಬರೆದರೆ ಮುಗಿಯಿತು. ಇದನ್ನು ಸುಮಾರು ಸಾವಿರ ಸಲ ಅಳಿಸಿ ಬರೆಯಬಹುದು. ಸ್ಲೇಟಿನಲ್ಲಿ ಅಕ್ಷರ ತಿದ್ದಿದ ಮೇಷ್ಟರಿಗೆ ಇನ್ನೇನು ಬೇಕು?

ನನ್ನ ಹಳೆಯ ಗಣಕದಲ್ಲಿ ಲಿನಕ್ಸ್ ಇತ್ತು, ಶಿಷ್ಯನೊಬ್ಬ ಹಾಕಿಕೊಟ್ಟಿದ್ದ. ಅದು ಸಿ.ಡಿ. ಓದುತ್ತಿತ್ತು, ಬರೆಯಲು ಮಾತ್ರ ಒಲ್ಲೆ ಎನ್ನುತ್ತಿತ್ತು. ಬರೆಯುವ ತಂತ್ರಾಂಶ ಸಿಡಿರೆಕಾರ್ಡ್‌ಗೆ ಬರುತ್ತಿದ್ದದ್ದು ಸ್ಕಸಿ ಭಾಷೆ, ನನ್ನ ರೈಟರ್ ಐಡಿಇ ಜಾತಿಯದು. ಆಗಿನ 2.4 ಕರ್ನೆಲ್‌ನಲ್ಲಿ ಇಬ್ಬರ ನಡುವೆ ಐಡಿಇ-ಸ್ಕಸಿ ಎಂಬ ದುಭಾಷಿ ಬೇಕು. ಗಣಕ ಏಳುವಾಗಲೇ ಅವನನ್ನು ಹೆಸರು ಹಿಡಿದು ಕರೆಯಬೇಕು. ಇಷ್ಟು ತಿಳಿಯಲು ಎರಡು ಭಾನುವಾರ ಹಿಡಿಯಿತು. ಅದೇ ಡಿಸೆಂಬರಿನಲ್ಲಿ 2.6 ಕರ್ನೆಲ್ ಬಂದು ದುಭಾಷಿಯ ಕೆಲಸವೇ ಹೋಯಿತೆನ್ನಿ!

ಬರೆಯುವ ಬಗೆ ಸೊಗಸಾದದ್ದು. ಸಕ್ಕರೆ ಪಾಕವನ್ನು ನಿಧಾನವಾಗಿ ಬಿಟ್ಟರೆ ಹರಳುಗಟ್ಟಿ ಕಲ್ಲುಸಕ್ಕರೆಯಾಗುತ್ತದೆ. ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿದರೆ ಗಾಜಿನಂಥ ಪೆಪ್ಪರಮೆಂಟು. ವಸ್ತು ಒಂದೇ, ಒಳಗಿನ ಜೋಡಣೆ ಬೇರೆ. ಈ ಸಿ.ಡಿ.ಯೊಳಗೆ ಬೆಳ್ಳಿ, ಇಂಡಿಯಂ, ಆಂಟಿಮೊನಿ, ಟೆಲ್ಯೂರಿಯಂ ಬೆರೆತ ತೆಳುಪದರವಿದೆ. ಲೇಸರ್ ಕಿರಣ ಅದನ್ನು ಕರಗಿಸಿ, ಒಡನೆಯೇ ತಣಿಯಲು ಬಿಟ್ಟರೆ ಮಂಕಾದ ಚುಕ್ಕೆ ಮೂಡುತ್ತದೆ. ಕರಗದಷ್ಟು ಹದವಾಗಿ ಕಾಯಿಸಿದರೆ ಮತ್ತೆ ಹರಳುಗಟ್ಟಿ ಚುಕ್ಕೆ ಮಾಯ. ತರಗತಿಯಲ್ಲಿ ಇದನ್ನು ಹೇಳಲು ಒಮ್ಮೆ ಪೆಪ್ಪರಮೆಂಟನ್ನೇ ಒಯ್ದಿದ್ದೆ. ಪಾಠ ಮುಗಿಯುವಷ್ಟರಲ್ಲಿ ಪಾಠೋಪಕರಣ ಉಳಿಯಲಿಲ್ಲ.

ಆ ದಸರಾ ರಜೆಯಲ್ಲಿ ಕೆಂಗೇರಿಯಿಂದ ಅಮ್ಮ ಬಂದಿದ್ದಳು. ಮೈಕ್ ಮುಂದೆ ಕೂರಿಸಿ ಹಾಡಿಸಿದೆ: ಹಸೆಗೆ ಕರೆಯುವ ಹಾಡು, ಆರತಿ ಹಾಡು, ಅವಳ ಅಜ್ಜಿಯಿಂದ ಬಂದ ಬೀಸುವ ಪದ. ನಡುವೆ ಪ್ರೆಷರ್ ಕುಕ್ಕರ್ ಕೂಗಿದ್ದೂ ಸೇರಿತು. ನಿಮಿಷಕ್ಕೆ ಹತ್ತು ಎಂ.ಬಿ.ಯಂತೆ ನಲವತ್ತು ನಿಮಿಷ. ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದೆಂದು ಇದ್ದೊಂದು ಸಿ.ಡಿ.ಗೆ ಬರೆದು, ಮೂಲವನ್ನು ಅಳಿಸಿದೆ.

ಮರುವರ್ಷ ಮಾರ್ಚಿಯಲ್ಲಿ ಹತ್ತನೇ ತರಗತಿಗೆ ಚಿತ್ರಗಳನ್ನು ಒಯ್ಯಬೇಕಿತ್ತು. ಅವಸರದಲ್ಲಿ ಅದೇ ಸಿ.ಡಿ. ಹಾಕಿ, ಬೇಗ ಅಳಿಸುವ ಆಜ್ಞೆ ಕೊಟ್ಟೆ. ಕೆಲಸ ಮುಗಿದು ತಟ್ಟೆ ಹೊರಬಂದಾಗಲೇ ನೆನಪಾದದ್ದು.

ಬೇಗ ಅಳಿಸುವ ಕ್ರಮದಲ್ಲಿ ಹೋಗುವುದು ಪುಸ್ತಕದ ಪರಿವಿಡಿಯಂಥ ಆರಂಭದ ಭಾಗ ಮಾತ್ರ. ಹಾಡುಗಳ ಚುಕ್ಕೆಗಳು ಇದ್ದಲ್ಲೇ ಇರುತ್ತವೆ. ಆದರೆ ಪರಿವಿಡಿ ಇಲ್ಲದ ತಟ್ಟೆಯನ್ನು ಮನೆಯ ಡ್ರೈವ್ ಓದಲು ಒಪ್ಪುವುದಿಲ್ಲ. ಶಿಷ್ಯನೂ ಒಂದು ವಾರ ಹೆಣಗಿ ಕೈಚೆಲ್ಲಿದ.

ಅಮ್ಮನಿಗೆ ಹೇಳಿದೆ. ‘ಹೋದ್ರೆ ಹೋಯ್ತು ಬಿಡೋ. ನಾನೇನು ಹೋಗಿಲ್ವಲ್ಲ, ಇನ್ನೊಂದ್ಸಲ ಹಾಡ್ತೀನಿ’ ಎಂದಳು. ಮೌಲ್ಯಮಾಪನ ಬಂತು, ಜನಗಣತಿ ಬಂತು, ತಂಗಿಯ ಮಗಳ ಮದುವೆ ಬಂತು. 2012ರಲ್ಲಿ ಅಮ್ಮ ಹೋದಳು.

ಮೊನ್ನೆ ಬೀರು ಜಾಡಿಸುವಾಗ ಆ ತಟ್ಟೆ ಸಿಕ್ಕಿತು. ಯುಎಸ್‌ಬಿ ರೈಟರಿಗೆ ಹಾಕಿದೆ. ಈಗಿನ ಲಿನಕ್ಸ್‌ಗೆ ಯಾವ ದುಭಾಷಿಯೂ ಬೇಡ. ಕ್ಷಣದಲ್ಲಿ ಗುರುತಿಸಿ, ಡಿಸ್ಕ್ ಖಾಲಿ ಇದೆ, ಏನು ಬರೆಯಲಿ ಎಂದು ಕೇಳಿತು. ‘ಏನೂ ಬೇಡ’ ಒತ್ತಿ, ಹೊರತೆಗೆದು, ಮತ್ತೆ ಕವರಿನೊಳಗಿಟ್ಟೆ.